ನಾದ ಬದಲಾಗಲಿ, ಮಾತು ಮುಳುಗದಿರಲಿ

ರಾಕ್ ತಂಡವೊಂದು ತನ್ನ ಹೊಸ ಆಲ್ಬಮ್ಮಿನಲ್ಲಿ ನಾದದ ದಾರಿಯನ್ನು ಬದಲಿಸಿತೆಂದರೆ ಅದರ ಅಭಿಮಾನಿಗಳು ಎರಡು ಪಂಗಡವಾಗುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಬೆಳೆದರೆಂದು ಒಂದು ಪಂಗಡ, ಕೆಟ್ಟರೆಂದು ಇನ್ನೊಂದು. ಇದು ತರುಣರ ಜಗಳವೆಂದು ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಕನ್ನಡದ ಮಟ್ಟಿಗಾದರೂ ಹಾಗೆ ಸುಮ್ಮನಾಗುವುದು ತರವಲ್ಲವೆಂದು ನನಗೆ ತೋರುತ್ತದೆ. ನಮ್ಮ ತಂಡಗಳು ಹಾಡುವುದು ತಮ್ಮ ಹಾಡುಗಳನ್ನು ಮಾತ್ರವಲ್ಲ. ನಮ್ಮ ಅನುಭಾವಿ ಕವಿಗಳ ಪದಗಳನ್ನೂ ಹಾಡುತ್ತವೆ. ನಮ್ಮ ಕಾವ್ಯದ ಒಂದು ಪಾಲು ಈಗ ಅವರ ಕೈಯಲ್ಲಿದೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಇದಕ್ಕೆ ಒಳ್ಳೆಯ ನಿದರ್ಶನ. ಅವರ ಮೊದಲ ಆಲ್ಬಂ 2008ರಲ್ಲಿ ಬಂದಿತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ಚಪ್ಪರದಡಿ ಕೂಡಿದ್ದ ಆ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಇತ್ತು. ಐದು ವರ್ಷಗಳ ತರುವಾಯ, 2013ರಲ್ಲಿ, 'ಜಗ್ ಚಂಗಾ' ಹೊರಬಂದಿತು. ವಿದೇಶದ ಅತಿಥಿ ಕಲಾವಿದರು ಅದರಲ್ಲಿ ದನಿಗೂಡಿಸಿದ್ದರು; ನಾದದ ಹರಹು ಹಿರಿದಾಗಿತ್ತು. ಬದಲಾಗದೆ ಉಳಿದವರು ಶರೀಫರು. ಅವರ 'ಲೋಕದ ಕಾಳಜಿ' ಅಲ್ಲಿಯೂ ಇತ್ತು. ನಾದ ಬದಲಾಗಿ ಕವಿ ಉಳಿದಾಗ, ನಾವು ಕೇಳಬೇಕಾದ ಪ್ರಶ್ನೆ ಯಾವುದು?

ಮೂಲದ ನಾದ ಕೆಟ್ಟಿತೆ ಎಂಬುದಂತೂ ಅಲ್ಲ. ಶರೀಫರು ಬಾಳಿದ್ದು 1819ರಿಂದ 1889ರವರೆಗೆ. ಭಜನೆಯ ಮೇಳಗಳಲ್ಲಿ ಏಕತಾರಿ, ತಾಳಗಳೊಡನೆ ಬಾಯಿಂದ ಬಾಯಿಗೆ ನಡೆದುಬಂದ ಆ ಪದಗಳಿಗೆ ನಾಡೆಲ್ಲ ಕೇಳುವ ಹೊಸ ದನಿಯನ್ನು ಕೊಟ್ಟವರು ಸಿ. ಅಶ್ವತ್ಥ್. 1990ರ 'ಸಂತ ಶಿಶುನಾಳ ಶರೀಫ' ಚಿತ್ರದ ಸಂಗೀತ ಅವರದೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಭಾವಗೀತೆ ಬಯಲು ತುಂಬಿದ ಜನಸಾಗರಕ್ಕೆ ಕೇಳಿಸಿತು. ಇಂದು 'ಶರೀಫರ ಧಾಟಿ' ಎಂದು ನಾವು ಮೆಚ್ಚುವುದರಲ್ಲಿ ಬಹುಪಾಲು ಅಶ್ವತ್ಥರ ಧಾಟಿಯೇ. ಗಿಟಾರಿನ ಮೇಲೆ ದೂರು ಹೊರಿಸುವವರು ಇದನ್ನು ಮರೆಯಬಾರದು.

ವಾದ್ಯಗಳಿಗೆ ಜಾತಿ ಕಟ್ಟುವುದೂ ವ್ಯರ್ಥ. ಹಾರ್ಮೋನಿಯಂ ನಮ್ಮ ನೆಲದ್ದಲ್ಲವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, 1971ರ ವೇಳೆಗೆ ಆ ನಿಷೇಧವನ್ನು ಸಡಿಲಿಸಿತು. ಇಂದು ಹಾರ್ಮೋನಿಯಂ ಇಲ್ಲದ ಸುಗಮ ಸಂಗೀತವನ್ನು ಯಾರು ತಾನೆ ಊಹಿಸಿಯಾರು? ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಅಡಿಯಲ್ಲಿರುವ ನಮ್ಮ ಬೆಟ್ಟದಪುರ ಸಂಕೇತಿಗಳ ಹಳೆಯ ನೆಲೆಗಳಲ್ಲೊಂದು, ಆರ್. ಕೆ. ಶ್ರೀಕಂಠನ್ ಅವರನ್ನು ಕೊಟ್ಟ, ಕಾವೇರಿ ದಂಡೆಯ ರುದ್ರಪಟ್ಟಣ ಇಲ್ಲಿಗೆ ಬಹುದೂರವೇನಲ್ಲ. ಈ ಸೀಮೆಯಲ್ಲಿ ಪಿಟೀಲು ಪರದೇಶದ್ದೆಂದು ಯಾರೂ ಅನ್ನರು. ಎರಡು ಶತಮಾನದ ಒಡನಾಟದಲ್ಲಿ ಅದು ಮನೆಯ ಮಗುವಾಗಿದೆ.

ಪಿಟೀಲೆಂದೊಡನೆ ನೆನಪಾಗುವವರು ತಿರುಮಕೂಡಲಿನ ಟಿ. ಚೌಡಯ್ಯನವರು. ಧ್ವನಿವರ್ಧಕಗಳು ವಿರಳವಾಗಿದ್ದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಅವರು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿಕೊಂಡರು. ಅದೂ ನಾದದ ಬದಲಾವಣೆಯೇ ಸರಿ. ಆದರೆ ಕೇಳುವವನಿಗೆ ಮುಟ್ಟಿಸಬೇಕೆಂಬ ಅಗತ್ಯದಿಂದ ಹುಟ್ಟಿದ್ದು. ಇಂದಿನ ತೊಡಕು ಇದಕ್ಕೆ ವಿರುದ್ಧವಾದುದು. 2024ರಲ್ಲಿ ಮೈಸೂರಿನ ಯುವ ದಸರಾ, ಊರ ನಡುವಿನ ಮಹಾರಾಜ ಕಾಲೇಜು ಮೈದಾನವನ್ನು ಬಿಟ್ಟು ಉತ್ತನಹಳ್ಳಿಯ ಬಯಲಿಗೆ ಹೋಯಿತು. ಅಂತಹ ಬಯಲುಗಳಲ್ಲಿಯೂ ಕೊನೆಯ ಸಾಲಿಗೆ ನಾದ ಮುಟ್ಟದೆಂಬ ಭಯ ಈಗಿಲ್ಲ. ಮಾತು ಮುಟ್ಟೀತೆ ಎಂಬುದೇ ಭಯ.

ಹೊರನಾಡಿನ ಒಂದು ಪ್ರಸಂಗವೂ ಇದನ್ನೇ ಹೇಳುತ್ತದೆ. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜನಪದ ಸಂಗೀತೋತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ಬಂದಾಗ ಸಭೆಯಲ್ಲಿ ಕೂಗೆದ್ದಿತು. ಹಿರಿಯ ಗಾಯಕ ಪೀಟ್ ಸೀಗರ್ ಅಂದು ಕೆರಳಿದ್ದು ಪ್ರಸಿದ್ಧವಾದ ಕಥೆ. ತನ್ನ ಕೋಪ ಆ ವಾದ್ಯದ ಮೇಲಲ್ಲ, ಧ್ವನಿ ಒಡೆದು ಹಾಡಿನ ಮಾತು ಕೇಳಿಸದೆ ಹೋದುದರ ಮೇಲೆ ಎಂದು ಸೀಗರ್ ಮುಂದೆ ಹೇಳಿದರು. ಅದೇ ಡಿಲನ್ನರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ದೊರಕಿತು. ನಾದ ಬದಲಾದುದರಿಂದ ಅವರ ಮಾತು ಸಾಯಲಿಲ್ಲ.

ಶರೀಫರ ಪದಗಳಲ್ಲಿ ಮಾತು ಮುಳುಗಿದರೆ ಆಗುವ ನಷ್ಟ ಸಣ್ಣದಲ್ಲ. ಗುಡುಗುಡಿಯ ಪದವನ್ನೇ ನೋಡಿ. ಅದರ ಆರಂಭ ಹೊಗೆ ಸೇದಲು ಕರೆಯುವಂತಿದೆ. ಮುಂದಿನ ನುಡಿಗಳಿಗೆ ಬಂದರೆ ಅಲ್ಲಿ ಸುಡಬೇಕಾದ ಭಂಗಿ ಮೋಹವೆಂದೂ, ಅದನ್ನು ಸುಡುವ ಬೆಂಕಿ ಬುದ್ಧಿಯೆಂದೂ ತಿಳಿಯುತ್ತದೆ. ಪಲ್ಲವಿಯಲ್ಲಿಯೇ ನಿಂತವನಿಗೆ ಅದು ಅಮಲಿನ ಹಾಡು. ಕೊನೆಯವರೆಗೆ ಕೇಳಿದವನಿಗೆ ಅಮಲಿಳಿಸುವ ಹಾಡು. ಕೋಳಿ ಕೋಡಗವನ್ನು ನುಂಗುವ ಒಗಟಿನ ಪದವೂ ಹೀಗೆಯೇ. ಒಂದನ್ನೊಂದು ನುಂಗುವ ವಿನೋದವೆಲ್ಲ ಮುಗಿದು, ಕೊನೆಯಲ್ಲಿ ಗುರು ಗೋವಿಂದರ ಪಾದವೇ ಹಾಡುವವನನ್ನು ನುಂಗಿದಾಗ ಒಗಟು ಬಿಡಿಸಿಕೊಳ್ಳುತ್ತದೆ. ಡ್ರಮ್ಮಿನ ಅಬ್ಬರದಲ್ಲಿ ಆ ಕೊನೆಯ ನುಡಿ ಕೊಚ್ಚಿಹೋದರೆ ಉಳಿಯುವುದು ಕೋಳಿಯ ತಮಾಷೆ ಮಾತ್ರ. ತರಗತಿಯಲ್ಲಿ ಕೇಳಿದರೆ ಪಲ್ಲವಿಯನ್ನು ಹಾಡದ ವಿದ್ಯಾರ್ಥಿಯಿಲ್ಲ. ಕೊನೆಯ ನುಡಿಯನ್ನು ಹೇಳಬಲ್ಲವರು ಬೆರಳೆಣಿಕೆಯಷ್ಟು.

ಆದರೂ ಇದು ತಂಡಗಳ ತಪ್ಪೆಂದು ನಾನು ಹೇಳಲಾರೆ. ಪಠ್ಯಪುಸ್ತಕದ ಶರೀಫರನ್ನು ಪರೀಕ್ಷೆ ಮುಗಿದ ಮರುದಿನವೇ ಮರೆಯುವ ಹುಡುಗರು, ಗಿಟಾರಿನ ಶರೀಫರನ್ನು ದಾರಿಯುದ್ದಕ್ಕೂ ಗುನುಗುತ್ತಾರೆ. ಆ ತಂಡಗಳು ಬಾಗಿಲನ್ನು ತೆರೆದಿವೆ; ಒಳಗೆ ಕರೆದುಕೊಂಡು ಹೋಗುವುದು ನಮ್ಮಂತಹ ಅಧ್ಯಾಪಕರ ಕೆಲಸವೂ ಹೌದು. ಪದ್ಯವನ್ನು ಪೂರ್ತಿ ಓದಿಸಿ, ಆ ಬಳಿಕ ಹಾಡನ್ನು ಕೇಳಿಸಿದರೆ ಎರಡೂ ಬೆಳಗುತ್ತವೆ. ತಂಡಗಳಲ್ಲಿ ನನ್ನ ಬಿನ್ನಹ ಇಷ್ಟೆ: ನಾದವನ್ನು ಬೇಕಾದಂತೆ ಬದಲಿಸಿಕೊಳ್ಳಿ, ಕೊನೆಯ ನುಡಿಯನ್ನು ಬಿಡಬೇಡಿ, ಅದು ಬರುವಾಗ ವಾದ್ಯಗಳು ಅರೆಗಳಿಗೆ ತಗ್ಗಿ ದಾರಿ ಕೊಡಲಿ.

ಹೊಸ ಆಲ್ಬಂ ಬಂದಾಗ ಅದು ಹಳೆಯದರಂತೆ ಇದೆಯೆ ಎಂದು ಅಳೆಯುವುದಕ್ಕಿಂತ, ಹಾಡು ಮುಗಿದ ಮೇಲೆ ಕವಿಯ ಮಾತು ನಮ್ಮಲ್ಲಿ ಎಷ್ಟು ಉಳಿಯಿತೆಂದು ಅಳೆಯುವುದು ಮೇಲು. ಆ ಅಳತೆಯಲ್ಲಿ ಏಕತಾರಿಗೂ ಗಿಟಾರಿಗೂ ಭೇದವಿಲ್ಲ. ಎರಡರ ಲೆಕ್ಕವನ್ನೂ ಒಂದೇ ಕೋಲಿನಿಂದ ಅಳೆಯಬಹುದು.