ಜೇಬಿನಲ್ಲಿ ಒಂದೇ ಚೆಂಡಿದ್ದಾಗ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಲ್ಲಿ ಸಂಜೆ ಯಾವ ಮೈದಾನಕ್ಕೆ ಹೋದರೂ ಕಾಣುವುದು ಕ್ರಿಕೆಟ್. ಸಿಕ್ಸರ್ ಹೊಡೆದವನೇ ಅಲ್ಲಿ ಹೀರೊ. ಒಂದೊಂದೇ ರನ್ ಕೂಡಿಸಿ ಕೊನೆಯವರೆಗೆ ನಿಂತವನನ್ನು ಯಾರೂ ಹೆಗಲ ಮೇಲೆ ಹೊರುವುದಿಲ್ಲ. ಇಂಥ ಊರುಗಳಲ್ಲಿ ಗಾಲ್ಫ್ ವಿಷಯ ತೆಗೆದರೆ ‘ಅದು ಸಾಹುಕಾರರ ಆಟ, ನಮಗ್ಯಾಕೆ?’ ಎನ್ನುವವರೇ ಹೆಚ್ಚು. ಆ ಮಾತು ಸುಳ್ಳಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಆದರೆ ಅದರ ಹುಲ್ಲಿನ ಮೇಲೆ ಕಾಲಿಟ್ಟವರು ನಮ್ಮ ಕಡೆ ಎಷ್ಟು ಜನ ಸಿಕ್ಕಾರು? ಆದರೂ ಆ ಆಟದೊಳಗಿನ ಒಂದು ಲೆಕ್ಕ ಸಾಹುಕಾರರಿಗಿಂತ ನಮ್ಮಂಥವರಿಗೇ ಹೆಚ್ಚು ಬೇಕು ಎಂಬುದು ನನ್ನ ವಾದ.

ಗಾಲ್ಫ್‌ನಲ್ಲಿ ಕಡಿಮೆ ಹೊಡೆತದಲ್ಲಿ ಆಟ ಮುಗಿಸಿದವನು ಗೆಲ್ಲುತ್ತಾನೆ. ಮೈದಾನದಲ್ಲಿ 18 ಕುಳಿಗಳು. ಪಳಗಿದ ಆಟಗಾರನಿಗೆ ಇವನ್ನೆಲ್ಲ ಮುಗಿಸಲು ಸಾಮಾನ್ಯವಾಗಿ 72 ಹೊಡೆತ ಸಾಕು ಎಂದು ಲೆಕ್ಕ ಹಾಕಿರುತ್ತಾರೆ. ಅದೇ ‘ಪಾರ್’. ಪ್ರತಿ ಕುಳಿಗೂ ಒಂದೊಂದು ಹೊಡೆತ ಹೆಚ್ಚು ತೆಗೆದುಕೊಂಡರೂ ಮೊತ್ತ 90 ಆಗುತ್ತದೆ. ಹವ್ಯಾಸಕ್ಕೆ ಆಡುವ ಎಷ್ಟೋ ಜನ ನೂರರೊಳಗೆ ಮುಗಿಸಿದರೇ ಖುಷಿಪಡುತ್ತಾರೆ. ಹಾಗಾದರೆ ಅವರ ಉಳಿದ ಹೊಡೆತಗಳು ಎಲ್ಲಿ ಹೋದವು? ಅದ್ಭುತ ಹೊಡೆತ ಬಾರದೆ ಹೋಗಿದ್ದಲ್ಲ. ಎರಡು ಮೂರು ಕುಳಿಗಳಲ್ಲಿ ಎಂಟು, ಒಂಬತ್ತು ಹೊಡೆತ ಸುರಿದು ಹೋಗಿದ್ದು.

ಅದು ಆಗುವ ರೀತಿಯೂ ಒಂದೇ. ಚೆಂಡು ಮರಗಳ ನಡುವೆ ಹೋಗಿ ಬೀಳುತ್ತದೆ. ಪಕ್ಕಕ್ಕೆ ಮೆಲ್ಲನೆ ತಟ್ಟಿ ಬಯಲಿಗೆ ತಂದರೆ ಒಂದು ಹೊಡೆತ ನಷ್ಟ, ಅಷ್ಟೆ. ಆದರೆ ಎರಡು ಮರಗಳ ಸಂದಿಯಲ್ಲಿ ಬಾವುಟ ಕಾಣುತ್ತದೆ, ಆಸೆ ಹುಟ್ಟುತ್ತದೆ. ಹೊಡೆದ ಚೆಂಡು ಕಾಂಡಕ್ಕೆ ಬಡಿದು ಇನ್ನೂ ಒಳಗೆ ಹೋಗುತ್ತದೆ. ಗಡಿಯಾಚೆ ಬಿದ್ದರಂತೂ ಒಂದು ಹೊಡೆತದ ದಂಡ ತೆತ್ತು, ಮೊದಲಿದ್ದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಮೊದಲ ತಪ್ಪಿನ ಬೆಲೆ ಒಂದಾದರೆ, ಅದನ್ನು ಒಂದೇ ಏಟಿಗೆ ತೊಳೆಯಲು ಹೋದದ್ದರ ಬೆಲೆ ನಾಲ್ಕು.

1999ರ ಬ್ರಿಟಿಷ್ ಓಪನ್‌ನಲ್ಲಿ ಜಗತ್ತೇ ಇದನ್ನು ನೋಡಿತು. ಕಾರ್ನೂಸ್ಟಿಯ ಕೊನೆಯ ಕುಳಿಗೆ ಬಂದಾಗ ಫ್ರಾನ್ಸ್‌ನ ಜಾನ್ ವಾನ್ ಡಿ ವೆಲ್ಡ್ ಮೂರು ಹೊಡೆತ ಮುಂದಿದ್ದರು. ನಾಲ್ಕರಲ್ಲಿ ಮುಗಿಸಬೇಕಾದ ಕುಳಿಯನ್ನು ಆರರಲ್ಲಿ ಮುಗಿಸಿದ್ದರೂ ಕಪ್ ಅವರದೇ. ಆದರೂ ಅವರು ದೂರ ಹೊಡೆಯುವ ಕೋಲನ್ನೇ ಹಿಡಿದರು. ಚೆಂಡು ಒಮ್ಮೆ ಪ್ರೇಕ್ಷಕರ ಗ್ಯಾಲರಿಗೆ ಬಡಿಯಿತು, ಇನ್ನೊಮ್ಮೆ ಹಳ್ಳಕ್ಕೆ ಬಿತ್ತು. ಏಳು ಹೊಡೆತ ಬೇಕಾದವು. ಪ್ಲೇ ಆಫ್‌ನಲ್ಲಿ ಕಪ್ ಪಾಲ್ ಲಾರಿ ಪಾಲಾಯಿತು.

ಇದಕ್ಕೆ ಎದುರಿನ ಉದಾಹರಣೆ 2007ರ ಮಾಸ್ಟರ್ಸ್ ಟೂರ್ನಿ. ಜಾಕ್ ಜಾನ್ಸನ್ ಬಹಳ ದೂರ ಹೊಡೆಯುವ ಆಟಗಾರರಲ್ಲ. ನಾಲ್ಕು ದಿನಗಳಲ್ಲಿ ಐದು ಹೊಡೆತದ ಉದ್ದ ಕುಳಿಗಳು ಅವರಿಗೆ 16 ಸಲ ಎದುರಾದವು. ಒಂದು ಸಲವೂ ಅವರು ಎರಡೇ ಹೊಡೆತಕ್ಕೆ ಗುರಿ ಮುಟ್ಟಲು ಹೋಗಲಿಲ್ಲ. ಎರಡನೆಯದನ್ನು ತಮಗೆ ಒಗ್ಗುವ ದೂರದಲ್ಲಿ ನಿಲ್ಲಿಸಿ, ಮೂರನೆಯದನ್ನು ಕುಳಿಯ ಹತ್ತಿರ ಇಟ್ಟರು. ಆ ಕುಳಿಗಳಲ್ಲೇ ಪಾರ್‌ಗಿಂತ 11 ಹೊಡೆತ ಉಳಿಸಿ, ಟೈಗರ್ ವುಡ್ಸ್ ಅವರನ್ನು ಹಿಂದಿಕ್ಕಿ ಗೆದ್ದರು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದಕ್ಕಿಂತ ಹತ್ತಿರದ ಸಾಕ್ಷಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಅವರ ವಿಶ್ವ ರ‍್ಯಾಂಕಿಂಗ್ 200. ಅದಕ್ಕೂ ಮೊದಲು ಕೋವಿಡ್‌ನಿಂದ ಬಳಲಿ ಹೊಡೆತದ ದೂರ ಇನ್ನಷ್ಟು ಕಡಿಮೆಯಾಗಿತ್ತು. ಕಣದಲ್ಲಿದ್ದ 60 ಮಂದಿಯಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಪೈಕಿ ಅವರೊಬ್ಬರು. ಪದಕ ಗೆದ್ದವರ ದೂರಕ್ಕೆ ಪೈಪೋಟಿ ಕೊಡಲು ಅವರು ಹೋಗಲಿಲ್ಲ. ಚೆಂಡನ್ನು ನೇರ ಇಟ್ಟರು, ಕುಳಿಯ ಬಳಿ ಪಟ್ಟರ್ ಹಿಡಿದು ತಮ್ಮ ಕೈಚಳಕ ತೋರಿಸಿದರು. ನಾಲ್ಕು ದಿನಕ್ಕೆ 269 ಹೊಡೆತ, ಪಾರ್‌ಗಿಂತ 15 ಕಡಿಮೆ. ಒಂದೇ ಒಂದು ಹೊಡೆತದಿಂದ ಪದಕದ ಪೈಪೋಟಿ ತಪ್ಪಿ ನಾಲ್ಕನೇ ಸ್ಥಾನ. ಗಾಲ್ಫ್ ಅಂದರೇನೆಂದು ಗೊತ್ತಿಲ್ಲದ ಮನೆಗಳಲ್ಲೂ ಅಂದು ಟಿ.ವಿ. ಹಚ್ಚಿದ್ದರು.

ಹಾಗಂತ ಜಾಣ ಆಟ ಎಂದರೆ ಹೆದರಿ ಆಡುವುದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಅಂಕಿಅಂಶ ಕೂಡಿಹಾಕಿ ಲೆಕ್ಕ ಮಾಡಿದವರು. ಹಳ್ಳ, ಮರಳುಗುಂಡಿಯಂಥ ಅಪಾಯ ಇಲ್ಲದ ಕಡೆ ಸುಮ್ಮನೆ ಹಿಂದೆ ನಿಲ್ಲಿಸಿದರೆ ಹೊಡೆತ ವ್ಯರ್ಥ, ಆದಷ್ಟು ಮುಂದೆ ಹೋಗುವುದೇ ಲಾಭ ಎಂದು ಅವರ ಲೆಕ್ಕ ಹೇಳುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಇದು ಬೇಗ ಅರ್ಥವಾದೀತು. ಯಾರ ಹೊಡೆತವೂ ಒಂದು ಬಿಂದುವಿಗೆ ಹೋಗಿ ಬೀಳುವುದಿಲ್ಲ, ಸುತ್ತ ಹರಡಿಕೊಳ್ಳುತ್ತದೆ. ಆ ಹರವು ಎಷ್ಟಗಲ, ಅದರೊಳಗೆ ಹಳ್ಳ ಇದೆಯೋ ಇಲ್ಲವೋ ಎಂದು ನೋಡಿಕೊಂಡು ಗುರಿ ಇಡಬೇಕು. ತಪ್ಪು ಅಗ್ಗವಾದಲ್ಲಿ ಧೈರ್ಯ, ತಪ್ಪು ತುಟ್ಟಿಯಾದಲ್ಲಿ ಸಂಯಮ.

ಪರೀಕ್ಷೆಯಲ್ಲೂ ನಡೆಯುವುದು ಇದೇ ಲೆಕ್ಕ. ಕೆಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಗೇಟ್‌ನಲ್ಲಿ ಒಂದು ಅಂಕದ ಬಹು ಆಯ್ಕೆ ಪ್ರಶ್ನೆ ತಪ್ಪಿದರೆ ಮೂರನೇ ಒಂದು ಅಂಕ ಹೋಗುತ್ತದೆ. ಆದರೆ ಸಂಖ್ಯೆಯನ್ನೇ ಉತ್ತರವಾಗಿ ತುಂಬುವ ಪ್ರಶ್ನೆಗಳಿಗೆ ಆ ದಂಡ ಇಲ್ಲ. ಒಂದೇ ಪ್ರಶ್ನೆಪತ್ರಿಕೆಯೊಳಗೇ ನುಗ್ಗುವ ಜಾಗ ಬೇರೆ, ನಿಲ್ಲುವ ಜಾಗ ಬೇರೆ.

ನಮ್ಮ ಹಿರಿಯರು ಗಾಲ್ಫ್ ನೋಡದೆಯೇ ಇದನ್ನು ಅರಿತಿದ್ದರು. ಈ ಭಾಗದ ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಕೂಡಿಸಿ ಬೆಳೆಯುವ ಪದ್ಧತಿ ಹಳೆಯದು. ಉಳ್ಳಾಗಡ್ಡಿ ಮೊದಲು ಮನೆಗೆ ಬಂದು ಕೈಖರ್ಚಿಗೆ ಆಗುತ್ತದೆ. ಒಂದಕ್ಕೆ ದರ ಬೀಳಲಿ, ರೋಗ ಬರಲಿ, ಇನ್ನೊಂದು ನಿಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ನಮಗೆಲ್ಲ ನೆನಪಿದೆ. ಇಡೀ ಹೊಲವನ್ನು ಸಾಲ ತಂದು ಒಂದೇ ಬೆಳೆಗೆ ಕೊಟ್ಟವನಿಗೆ ಅಂಥ ದಿನ ಎರಡನೇ ದಾರಿ ಇರುವುದಿಲ್ಲ.

ಆದರೆ ನಮ್ಮ ವಯಸ್ಸಿನವರ ಕಿವಿಗೆ ಬೀಳುವುದು ಬೇರೆಯೇ ಮಾತು. ‘ರಿಸ್ಕ್ ತಗೋ, ದೊಡ್ಡದಾಗಿ ಹೊಡಿ’ ಎಂದು ರೀಲ್ಸ್‌ನಲ್ಲಿ ದಿನವೂ ಯಾರಾದರೊಬ್ಬರು ಹೇಳುತ್ತಲೇ ಇರುತ್ತಾರೆ. ಹೀಗೆ ಹೇಳುವ ಹಲವರ ಚೀಲದಲ್ಲಿ ಇನ್ನೂ ಹತ್ತು ಚೆಂಡುಗಳಿರುತ್ತವೆ. ಒಂದು ಹಳ್ಳಕ್ಕೆ ಬಿದ್ದರೆ ಇನ್ನೊಂದು ತೆಗೆಯುತ್ತಾರೆ. ಎರಡೆಕರೆ ಹೊಲದ ಮನೆಯಿಂದ ಬಂದವನ ಜೇಬಿನಲ್ಲಿ ಇರುವುದು ಒಂದೇ ಚೆಂಡು. ಅವನು ಸೆಮಿಸ್ಟರ್ ಫೀಸಿನ ದುಡ್ಡನ್ನು ಐಪಿಎಲ್ ಬೆಟ್ಟಿಂಗ್‌ಗೆ ಹಾಕಿ ಕಳೆದುಕೊಂಡು, ಕಳೆದದ್ದನ್ನು ಒಂದೇ ರಾತ್ರಿಯಲ್ಲಿ ತರಲು ಮತ್ತೆ ಸಾಲ ಮಾಡಿದರೆ, ಅದು ಮರದ ಸಂದಿಯಲ್ಲಿ ಬಾವುಟ ಕಂಡವನ ಹೊಡೆತವೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರಲ್ಲಿ ಬಂತು. ಕಾಯ್ದೆ ಆ್ಯಪ್ ತೆಗೆಯಬಹುದು, ಆಸೆಯನ್ನು ತೆಗೆಯಲಾರದು.

ಇನ್ನೊಂದು ತುದಿಯೂ ಇದೆ. ಸರ್ಕಾರಿ ನೌಕರಿ ಒಂದೇ ಭದ್ರ ಎಂದುಕೊಂಡು, ಬೇರೇನೂ ಕಲಿಯದೆ ಐದಾರು ವರ್ಷ ಅಧಿಸೂಚನೆ ಕಾಯುವುದು. ನೋಡಲು ಸುರಕ್ಷಿತ. ಆದರೆ ಅಪಾಯವೇ ಇಲ್ಲದ ಬಯಲಿನಲ್ಲಿ ಚೆಂಡನ್ನು ಹಿಂದೆ ನಿಲ್ಲಿಸಿದಂತೆ, ಅದರಲ್ಲೂ ಹೊಡೆತಗಳು ಖರ್ಚಾಗುತ್ತಲೇ ಇರುತ್ತವೆ. ಇಪ್ಪತ್ತರ ವಯಸ್ಸಿನಲ್ಲಿ ಹೊಸ ಕೌಶಲ ಕಲಿಯಲು, ಗೊತ್ತಿಲ್ಲದ ಊರಿಗೆ ಇಂಟರ್ನ್‌ಶಿಪ್‌ಗೆ ಹೋಗಲು, ಅರ್ಜಿ ಹಾಕಿ ತಿರಸ್ಕಾರ ಕೇಳಲು ತಗಲುವ ಬೆಲೆ ಬಹಳ ಕಡಿಮೆ. ಅಲ್ಲಿ ಜೋರಾಗಿಯೇ ಹೊಡೆಯಬೇಕು.

ಲೆಕ್ಕ ಹಾಕಿ ಆಡಿದವರೆಲ್ಲ ಗೆಲ್ಲುತ್ತಾರೆ ಎಂದಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏಳು ಹೊಡೆತ ಮುಂದಿದ್ದ ಅದಿತಿ ಕೊನೆಯ ದಿನ ಎಡವಿದರು, ಚಿನ್ನ ಕೈತಪ್ಪಿತು. ಆದರೂ ಬೆಳ್ಳಿ ಉಳಿಯಿತು. ಆ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಒಂದು ಕೆಟ್ಟ ದಿನ ಬಂದರೂ ಎಲ್ಲವೂ ಹೋಗದಂತೆ ಮೊದಲೇ ಕೂಡಿಸಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ. ಆದ್ದರಿಂದ ಗೆಳೆಯರೇ, ಹೊಡೆಯುವ ಮೊದಲು ‘ಬಿದ್ದರೆ ಎಷ್ಟು ಸಿಗುತ್ತದೆ’ ಎಂದು ಕೇಳಿಕೊಳ್ಳುವಷ್ಟೇ ಸಲ ‘ತಪ್ಪಿದರೆ ಎಷ್ಟು ಹೋಗುತ್ತದೆ, ಅದನ್ನು ಮನೆಯಲ್ಲಿ ಯಾರು ತುಂಬಬೇಕು’ ಎಂದೂ ಕೇಳಿಕೊಳ್ಳೋಣ.