ಮನೆಯ ಹಳೆಯ ಕಾರು ಮತ್ತು ಯಜಮಾನನ ಹೊಣೆ

೨೦೧೪ರ ಮೇ ತಿಂಗಳಲ್ಲಿ ಬಂಗಾಲದ ಉತ್ತರಪಾರಾ ಕಾರಖಾನೆಯು ಅಂಬಾಸಡರ್ ಕಾರಿನ ತಯಾರಿಕೆಯನ್ನು ನಿಲ್ಲಿಸಿತು. ಅದೇ ವರ್ಷದ ಆರಂಭದಲ್ಲಿ ಮಾರುತಿ ೮೦೦ ಕೂಡ ನಿಂತಿತು. ಪ್ರೀಮಿಯರ್ ಪದ್ಮಿನಿಯು ಇವೆರಡಕ್ಕೂ ಬಹು ಮುಂಚೆಯೇ ನಿಂತುಹೋಗಿತ್ತು. ಆದರೂ ತಂದೆಯ ಕಾಲದ ಇಂಥ ಕಾರನ್ನು ಇಂದಿಗೂ ಓಡಿಸುತ್ತಿರುವ ಕುಟುಂಬಗಳುಂಟು. ಹಳೆಯದೆಂಬ ಮಾತ್ರಕ್ಕೆ ಅದನ್ನು ಗುಜರಿಗೆ ನೂಕಬೇಕೆನ್ನುವವರ ಮತವನ್ನು ನಾವು ಒಪ್ಪಲಾರೆವು. ವಾಹನದ ಯೋಗ್ಯತೆಯನ್ನು ಅದರ ಸ್ಥಿತಿಯಿಂದ ಅಳೆಯಬೇಕು.

ಕಾಯದೆಯ ತಿರುಳೂ ಇದೇ ಆಗಿದೆ. ಖಾಸಗಿ ಕಾರಿನ ನೋಂದಣಿಯು ೧೫ ವರ್ಷ ನಡೆಯುವುದು. ಬಳಿಕ ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದರೆ ಐದೈದು ವರ್ಷಗಳಿಗೆ ನವೀಕರಣ ದೊರೆಯುವುದು. ಆದರೆ ಶುಲ್ಕದ ಕಥೆಯೇ ಬೇರೆ. ೬೦೦ ರೂಪಾಯಿ ಇದ್ದುದು ೨೦೨೨ರ ಏಪ್ರಿಲ್ ೧ರಿಂದ ೫,೦೦೦ ಆಯಿತು. ೨೦೨೫ರ ಆಗಸ್ಟಿನಲ್ಲಿ, ೨೦ ವರ್ಷ ಮೀರಿದ ಕಾರಿಗೆ ೧೦,೦೦೦ಕ್ಕೇರಿತು. ಜೋಯಿಡಾದ ಕಾಡೊಳಗಿನ ಹಳ್ಳಿಯಿಂದ ವಾರಕ್ಕೊಮ್ಮೆ ದಾಂಡೇಲಿಯ ಪೇಟೆಗೆ ಬಂದುಹೋಗುವ ಸುಸ್ಥಿತಿಯ ಕಾರಿಗೂ, ದಿನವಿಡೀ ಹೊಗೆಯುಗುಳುತ್ತ ತಿರುಗುವ ಕಾರಿಗೂ ಒಂದೇ ತೆರನಾದ ಶುಲ್ಕವೆಂಬುದು ಯಾವ ನ್ಯಾಯ? ೫೦ ವರ್ಷ ದಾಟಿದ ವಾಹನಗಳಿಗೆ ೨೦೨೧ರಲ್ಲಿ ಪ್ರತ್ಯೇಕ ನಿಯಮಗಳಾದವು ನಿಜ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂಸಾರಸ್ಥನಿಗೆ ಅದರಿಂದೇನು ಫಲ?

ಇಷ್ಟು ಹೇಳಿದ ಮೇಲೆ ಯಜಮಾನರಿಗೂ ನಾಲ್ಕು ಮಾತು ಹೇಳದೆ ವಿಧಿಯಿಲ್ಲ. ಅಂಬಾಸಡರ್ ಕಾರಿಗೆ ಬೇರೆ ಚಾಸಿಯೆಂಬುದಿಲ್ಲ. ಅದರ ತಗಡಿನ ಮೈಯೇ ಅದರ ಎಲುಬು. ಆದುದರಿಂದ ತುಕ್ಕು ಕೇವಲ ಅಂದಗೇಡಲ್ಲ, ಪ್ರಾಣಾಪಾಯ. ಜೋಯಿಡಾ, ದಾಂಡೇಲಿಗಳ ಮಳೆಗಾಲವಂತೂ ತುಕ್ಕಿಗೆ ಸುಗ್ಗಿಯ ಕಾಲ. ಮೃಗಶಿರೆ ಹುಟ್ಟುವ ಮೊದಲೇ ಬಾಗಿಲುಗಳ ತಳದಲ್ಲಿ ನೀರಿಳಿಯುವ ರಂಧ್ರಗಳನ್ನು ಬಿಡಿಸಿಡಬೇಕು; ಮಳೆ ಹಿಂದಾದೊಡನೆ ಅಡಿಭಾಗದ ಕೆಸರನ್ನು ತೊಳೆಸಿ ಬಣ್ಣ ಬಳಿಸಬೇಕು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವಂಥದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದೆ ಅಣಶಿ ಘಟ್ಟವನ್ನಿಳಿಯುವುದು ದುಸ್ಸಾಹಸವೇ ಸರಿ. ಹಳಿಯಾಳ, ಮುಂಡಗೋಡಗಳ ಬಯಲು ಸೀಮೆಯತ್ತ ಬೇಸಗೆಯ ಧೂಳು ಹೆಚ್ಚು. ಅಲ್ಲಿ ಗಾಳಿಯ ಸೋಸಕದ ಕಡೆಗೆ ವಿಶೇಷ ಲಕ್ಷ್ಯವಿರಬೇಕು.

ಹೊಸದೊಂದು ತೊಡಕು ಪೆಟ್ರೋಲಿನದು. ಈಗ ದೇಶದಲ್ಲೆಲ್ಲ ಮಾರಾಟವಾಗುವ ಪೆಟ್ರೋಲಿನಲ್ಲಿ ಶೇಕಡಾ ೨೦ರವರೆಗೆ ಎಥೆನಾಲ್ ಬೆರೆತಿರುತ್ತದೆ. ಕಬ್ಬಿನಿಂದಲೂ ತಯಾರಾಗುವ ಈ ದ್ರವಕ್ಕೆ ಬೇಡಿಕೆ ಹೆಚ್ಚಿದರೆ ಹಳಿಯಾಳದ ರೈತನಿಗೆ ಲಾಭವೇ. ಅದಕ್ಕೆ ನಾವು ವಿರೋಧಿಗಳಲ್ಲ. ಆದರೆ ಹಳೆಯ ಕಾರುಗಳ ರಬ್ಬರಿನ ಕೊಳವೆಗಳು ಅದರಿಂದ ಉಬ್ಬಿ ಬಿರಿಯುತ್ತವೆ. ಸೋರುವ ಪೆಟ್ರೋಲು ಬೆಂಕಿಗೆ ಆಹ್ವಾನ. ಎಥೆನಾಲನ್ನು ತಾಳುವ ಕೊಳವೆಗಳನ್ನು ಹಾಕಿಸುವ ಖರ್ಚು ಅಲ್ಪ. ಹಾಕಿಸದಿದ್ದರೆ ಆಗಬಹುದಾದ ಹಾನಿ ಅಪಾರ.

ತಾತ್ಪರ್ಯವಿಷ್ಟೆ: ಸರಕಾರವು ತಪಾಸಣೆಯನ್ನು ಬೇಕಾದಷ್ಟು ಬಿಗಿಗೊಳಿಸಲಿ, ತಪ್ಪಿದ ಕಾರನ್ನು ನಿರ್ದಾಕ್ಷಿಣ್ಯವಾಗಿ ರಸ್ತೆಯಿಂದಿಳಿಸಲಿ, ಗೆದ್ದ ಕಾರಿನ ಶುಲ್ಕವನ್ನು ಇಳಿಸಲಿ. ಯಜಮಾನರಾದರೋ, ಕಾರನ್ನು ತಂದೆಯ ನೆನಪೆಂದು ಕೊಟ್ಟಿಗೆಯಲ್ಲಿ ಕೊಳೆಯಿಸಿ ಆಮೇಲೆ ಕಾಯದೆಯನ್ನು ಹಳಿಯುವುದು ಸಲ್ಲದು. ಉಳಿಸಿಕೊಳ್ಳುವ ಹಕ್ಕನ್ನು ಕೇಳುವವನು ಉಪಚರಿಸುವ ಹೊಣೆಯನ್ನೂ ಹೊರತಕ್ಕದ್ದು.