ಸಾವಿನ ಲೆಕ್ಕ

ಸಾವಿನ ಲೆಕ್ಕವಿಡುವುದು ಬದುಕಿರುವವರ ಹಿತಕ್ಕಾಗಿ. 1662ರಲ್ಲಿ ಲಂಡನ್ನಿನ ವರ್ತಕ ಜಾನ್ ಗ್ರಾಂಟನು ನಗರದ ಮರಣಪಟ್ಟಿಗಳನ್ನು ಪರಿಶೀಲಿಸಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದನು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಭಾರ ಪಟೇಲರ ಪಾಲಿಗೆ ಬಂದಿತು. ವೈದ್ಯನನ್ನೇ ಕಾಣದ ಊರಿನಲ್ಲಿ ಅವರು ಬರೆಯಬಲ್ಲ ಕಾರಣ ಬಹುಮಟ್ಟಿಗೆ ಒಂದೇ: ‘ಜ್ವರ’. ಶಿವಮೊಗ್ಗೆಯ ಸುತ್ತಲಾಗಲಿ, 1923ರಲ್ಲಿ ಕಬ್ಬಿಣ ಕರಗತೊಡಗಿದ ಭದ್ರಾವತಿಯ ಆಸುಪಾಸಿನಲ್ಲಾಗಲಿ ಮಲೇರಿಯಾ ಮನೆಮಾಡಿದ್ದ ಕಾಲವದು. ಚಳಿಜ್ವರ, ವಿಷಮಶೀತಜ್ವರ, ನ್ಯುಮೋನಿಯಾ ಎಲ್ಲವೂ ಆ ಒಂದೇ ಮಾತಿನಲ್ಲಿ ಅಡಗಿಹೋದವು. ಹೆಸರೇ ತಿಳಿಯದ ಶತ್ರುವನ್ನು ಎದುರಿಸುವುದೆಂತು?

1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಜನರೂ ಜ್ವರದಿಂದ ಮಡಿದರು. ಈ ಸಲ ‘ಜ್ವರ’ವೆಂದು ಬರೆದು ಪುಸ್ತಕ ಮುಚ್ಚಲಿಲ್ಲ. ಪುಣೆಯ ವಿಜ್ಞಾನಿಗಳು ಎರಡೂ ಸಾವುಗಳನ್ನು ಕೂಡಿಸಿ ನೋಡಿ, ಉಣುಗು ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಮುಂದೆ ಶಿವಮೊಗ್ಗ ನಗರದಲ್ಲಿಯೇ ವೈರಸ್ ಪತ್ತೆಯ ಪ್ರಯೋಗಾಲಯ ನೆಲೆಗೊಂಡಿತು. ಮಲೆನಾಡಿನಲ್ಲಿ ಸತ್ತ ಮಂಗಕ್ಕೂ ಇಂದು ಲೆಕ್ಕವುಂಟು. ಅದು ಮನುಷ್ಯರಿಗೆ ಮುನ್ನೆಚ್ಚರಿಕೆ.

1969ರ ಕಾಯಿದೆಯಿಂದ ಮರಣದ ನೋಂದಣಿ ದೇಶಕ್ಕೆಲ್ಲ ಕಡ್ಡಾಯವಾಯಿತು. ಸತ್ತವರ ಹೆಸರು ಬರೆಸುವುದು ಮನೆಯವರಿಗೆ ದುಃಖದ ಕೆಲಸವೇ ಸರಿ. ಆದರೂ ಸಾವಿನ ಕಾರಣವನ್ನು ತಿಳಿದಷ್ಟು ಸರಿಯಾಗಿ ಹೇಳಿದರೆ, ನೆರೆಮನೆಯ ದೀಪವಾದರೂ ಉಳಿದೀತು.